ಸವೇರಮ್ಮ ಬೇಡಿಕೊಂಡಿದ್ದು

ಡ್ರೈವರ್ ಚೌರಪ್ಪನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿದೆ ಎಂಬ ಸುದ್ದಿ ಕಣಕ್ಕೆ ಬಂದಾಗ ಸವೇರಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು, ಒಣಗಲು ಹರವಿದ್ದ ಮೆಣಸನ್ನು ಕಾಲಿನಿಂದ ಕೆದರುತ್ತಿದ್ದಳು. ಸುದ್ದಿ ತಂದವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವೀರಭದ್ರಯ್ಯ. ಜೀಪ್ ಶೆಡ್ಡಿನ ಮುಂದೆ ಬಿದ್ದನಂತೆ, ಬಲಗೈ ಬಲಗಾಲು ಎರಡೂ ಹೋಗಿವೆಯಂತೆ, ಬಾಯಿ ಒಂದು ಕಡೆಗೆ ಎಳೆದುಕೊಂಡಿದೆಯಂತೆ, ಹಾಸನದ ಆಸ್ಪತ್ರೆಗೆ ಸಾಗಿಸಿದ್ದಾರಂತೆ. ಕಣದಲ್ಲಿದ್ದ ಹೆಂಗಸರೆಲ್ಲ ಅಯ್ಯೋ ಪಾಪ ಅಂದರು. ಸವೇರಮ್ಮ ಅನ್ನಲಿಲ್ಲ. ಮಾತು ಪೂರ್ತಿ ಹೋಗಿದೆಯೋ, ಇಲ್ಲ ತೊದಲುತ್ತಾನೋ ಎಂದಷ್ಟೇ ಕೇಳಿದಳು. ಪೂರ್ತಿ ಹೋಗಿದೆ ಎಂದರು ವೀರಭದ್ರಯ್ಯ. ಅವಳು ಕಣದ ಆ ತುದಿಯವರೆಗೆ ಮೆಣಸು ಕೆದರಿ, ತಿರುಗಿ, ಈ ತುದಿಯವರೆಗೂ ಕೆದರಿಕೊಂಡು ಬಂದಳು.

ಸಂಜೆ ಮನೆಗೆ ಹೋದವಳೇ ಮೊಟ್ಟೆ ಇಡುತ್ತಿದ್ದ ಕೋಳಿಯನ್ನು ಹಿಡಿದು ಕೊಯ್ದಳು. ಅವತ್ತು ಶುಕ್ರವಾರ. ಶುಕ್ರವಾರ ಅವಳ ಮನೆಯಲ್ಲಿ ಮಾಂಸ ಬೆಂದದ್ದು ಅದೇ ಮೊದಲು. ಖಾರ ಅರೆದು ಸಾರು ಮಾಡಿ, ಬಿಸಿ ಮುದ್ದೆಗೆ ಎರಡೆರಡು ಸಲ ಬಡಿಸಿಕೊಂಡು ಉಂಡಳು. ಮೂರು ವರ್ಷದಿಂದ ಹೊಟ್ಟೆಗೆ ಸುಮ್ಮನೆ ಇಳಿಯುತ್ತಿದ್ದ ಊಟ ಅವತ್ತು ರುಚಿ ಅನ್ನಿಸಿತು. ಅನ್ನಿಸದೆ ಇನ್ನೇನು? ಆ ನಾಲಿಗೆ ಬಿದ್ದುಹೋಗಲಿ ಎಂದು ಮೂರು ವರ್ಷ ದಿನ ಬಿಡದೆ ದೇವರನ್ನು ಕೇಳಿಕೊಂಡವಳು ಅವಳೇ.

ಮೂರು ವರ್ಷದ ಹಿಂದೆ, ಇದೇ ಮೆಣಸು ಕೊಯ್ಲಿನ ಕಾಲದಲ್ಲಿ, ಬಿಸಿಲೆ ಕಡೆಯ ತೋಟದಿಂದ ಆಳುಗಳನ್ನು ತುಂಬಿಕೊಂಡು ಬರುತ್ತಿದ್ದ ಎಸ್ಟೇಟ್ ಜೀಪು ಘಾಟಿಯ ತಿರುವಿನಲ್ಲಿ ಉರುಳಿತು. ಇಬ್ಬರು ಸತ್ತರು. ಒಬ್ಬ ಸವೇರಮ್ಮನ ಗಂಡ, ಮೇಸ್ತ್ರಿ ಇನ್ನಾಸಪ್ಪ. ಇನ್ನೊಬ್ಬಳು ಆಳುಗಳ ಸಾಲುಮನೆಗಳ ಅದೇ ಲೈನಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಯ ಜಗದಾಂಬಳ ಮಗಳು ರೇಣುಕ, ಮದುವೆ ಗೊತ್ತಾಗಿದ್ದ ಹುಡುಗಿ. ಡ್ರೈವರ್ ಚೌರಪ್ಪ ಭುಜದ ಮೂಳೆ ಮುರಿದುಕೊಂಡು ಬದುಕಿದ. ಬದುಕಿದವನು ಪೊಲೀಸರ ಮುಂದೆ ಬೇರೆಯೇ ಕತೆ ಹೇಳಿದ. ಇನ್ನಾಸಪ್ಪ ಸ್ವಲ್ಪ ದೂರ ನಾನು ಬಿಡುತ್ತೇನೆ ಎಂದು ಹಟ ಹಿಡಿದು ಸ್ಟೀರಿಂಗ್ ಇಸಿದುಕೊಂಡನಂತೆ, ತಿರುವಿನಲ್ಲಿ ಕೈ ತಪ್ಪಿತಂತೆ. ಹಿಂದೆ ಟಾರ್ಪಾಲಿನೊಳಗೆ ಕೂತಿದ್ದ ಆಳುಗಳಿಗೆ ಮುಂದೆ ಯಾರ ಕೈಯಲ್ಲಿ ಏನಿತ್ತು ಎಂದು ಕಂಡಿರಲಿಲ್ಲ. ಇನ್ನಾಸಪ್ಪ ಭಾನುವಾರ ಮಧ್ಯಾಹ್ನ ಕಣದಲ್ಲಿ ಜೀಪು ಕಲಿಯುತ್ತಿದ್ದುದನ್ನು ಮಾತ್ರ ಎಲ್ಲರೂ ಕಂಡಿದ್ದರು. ಅಷ್ಟು ಸಾಕಾಯಿತು. ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ?

ಸವೇರಮ್ಮನಿಗೆ ಮಾತ್ರ ಗೊತ್ತಿತ್ತು. ಅವತ್ತು ಬೆಳಿಗ್ಗೆ ಕತ್ತಿ ತಾಗಿ ಗಂಡನ ಬಲಗೈ ಸೀಳಿತ್ತು. ಅರಿಸಿನ ಮೆತ್ತಿ ಬಟ್ಟೆ ಸುತ್ತಿದ್ದು ಅವಳೇ. ಅನ್ನ ಕಲಸಲಾಗದ ಕೈಯಲ್ಲಿ ಘಾಟಿ ರಸ್ತೆಯಲ್ಲಿ ಜೀಪು ಓಡಿಸಿದನಂತೆ. ಈ ಮಾತನ್ನು ಅವಳು ಪೊಲೀಸರಿಗೆ ಹೇಳಿದಳು, ರೈಟರಿಗೆ ಹೇಳಿದಳು, ಚರ್ಚಿನ ಅಂಗಳದಲ್ಲಿ ಹೇಳಿದಳು, ನಲ್ಲಿಯ ಹತ್ತಿರ ಹೇಳಿದಳು. ಹೆಂಡತಿಯಾದವಳು ಇನ್ನೇನು ಹೇಳುತ್ತಾಳೆ ಬಿಡಿ ಎಂದರು. ಹುಳಿ ಇಲ್ಲ ಉಪ್ಪಿಲ್ಲ ಎಂದು ದಿನಕ್ಕೆ ನಾಲ್ಕು ಸಲ ಹಿತ್ತಲ ಬಾಗಿಲಿಗೆ ಬರುತ್ತಿದ್ದ ಜಗದಾಂಬ ಒಂದು ದಿನ ಬಂದು, ನನ್ನ ಮಗಳನ್ನು ತಿಂದವನ ಮನೆ ಎಂದು ಹೊಸ್ತಿಲಿಗೆ ಉಗಿದು ಹೋದಳು. ಅಲ್ಲಿಂದಾಚೆ ಅವಳು ಸವೇರಮ್ಮನ ಮುಖ ನೋಡಲಿಲ್ಲ. ಇನ್ನಾಸಪ್ಪನ ಸಮಾಧಿಗೆ ಒಂದು ಮೇಣದಬತ್ತಿ ಹಚ್ಚುವವರೂ ಇಲ್ಲವಾದರು. ಗಂಡ ಸತ್ತಿದ್ದಕ್ಕಿಂತ ಇದು ಅವಳನ್ನು ಹೆಚ್ಚು ಸುಟ್ಟಿತು. ಗಂಡ ಹೋದ, ಸರಿ, ಎಲ್ಲರ ಗಂಡಂದಿರೂ ಹೋಗುತ್ತಾರೆ. ಹೋದವನ ಹೆಸರಿಗೆ ಮಸಿ ಬಳಿದು ಆ ಚೌರಪ್ಪ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪೂಜೆಗೆ ಬಂದು ಮುಂದಿನ ಸಾಲಿನಲ್ಲಿ ಮೊಣಕಾಲೂರುತ್ತಿದ್ದ.

ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಉಪದೇಶಿ ರಾಯಪ್ಪ ಚರ್ಚಿನಲ್ಲಿ ಒಂದು ಬೋಧನೆ ಮಾಡಿದರು. ಪಾದ್ರಿ ಸ್ವಾಮಿಗಳು ಸಕಲೇಶಪುರದಿಂದ ಬರಲಾಗದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವವರು ಅವರೇ. ಭಾನುವಾರಕ್ಕೊಂದು ಪೂಜೆ, ಸಂಜೆಗೊಂದು ಜಪಸರ, ಅದೂ ನಿದ್ದೆಗಣ್ಣಿನಲ್ಲಿ ಬಾಯಿಪಾಠ; ಇದು ಪ್ರಾರ್ಥನೆಯೇ ಅಲ್ಲ ಎಂದರು ರಾಯಪ್ಪ. ಒಬ್ಬೊಬ್ಬರೂ ತಮ್ಮದೇ ಒಂದು ಹೊತ್ತು ಇಟ್ಟುಕೊಳ್ಳಬೇಕು, ತಮ್ಮದೇ ಒಂದು ಜಾಗ ಮಾಡಿಕೊಳ್ಳಬೇಕು, ಮೈ ಬಗ್ಗದಿದ್ದರೂ ಮನಸ್ಸು ಒಪ್ಪದಿದ್ದರೂ ಆ ಹೊತ್ತಿಗೆ ಅಲ್ಲಿಗೆ ಹೋಗಿ ಕೂರಬೇಕು, ತಂದೆಯ ಹತ್ತಿರ ಮಾತಾಡಿದಂತೆ ಬೇಕಾದ್ದನ್ನು ಬಿಡಿಸಿ ಕೇಳಬೇಕು. ಎಲ್ಲರೂ ತಲೆಯಾಡಿಸಿದರು. ಈಸ್ಟರ್ ಹಬ್ಬದ ಹೊತ್ತಿಗೆ ಎಲ್ಲರದೂ ಬಿಟ್ಟುಹೋಗಿತ್ತು.

ಸವೇರಮ್ಮನದು ಬಿಡಲಿಲ್ಲ. ಅವಳು ಉಪದೇಶಿ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಮಾಡಿದಳು. ಜಾಗ, ಹಿತ್ತಲಿನ ನೀರು ಕಾಯಿಸುವ ಹಂಡೆಯ ಪಕ್ಕ. ಹೊತ್ತು, ಹಂಡೆಗೆ ಉರಿ ಹಾಕಿದ ಮೇಲೆ ಕೆಲಸದ ಗಂಟೆ ಹೊಡೆಯುವ ಮುಂಚೆ. ಮೊದಮೊದಲು ನಿದ್ದೆ ಎಳೆಯುತ್ತಿತ್ತು, ಚಳಿಗೆ ಮೈ ಕೊರೆಯುತ್ತಿತ್ತು. ಆಗೆಲ್ಲ ಅವಳು ಚೌರಪ್ಪನ ಇಸ್ತ್ರಿ ಅಂಗಿಯನ್ನು ನೆನೆಸಿಕೊಳ್ಳುತ್ತಿದ್ದಳು, ನಿದ್ದೆ ಹಾರಿಹೋಗುತ್ತಿತ್ತು. ಬೇಕಾದ್ದನ್ನು ಬಿಡಿಸಿ ಕೇಳು ಎಂದಿದ್ದರಲ್ಲ, ಬಿಡಿಸಿಯೇ ಕೇಳಿದಳು. ಸುಳ್ಳು ಹೇಳಿದ ಆ ನಾಲಿಗೆ ಬಿದ್ದುಹೋಗಲಿ ಸ್ವಾಮೀ. ಸಾಯುವುದು ಬೇಡ, ನಾಲಿಗೆ ಬಿದ್ದು ಎಲ್ಲರ ಎದುರು ಬದುಕಿರಲಿ. ಜ್ವರ ಬಂದ ದಿನವೂ ಕೇಳಿದಳು, ಕ್ರಿಸ್ಮಸ್ ದಿನವೂ ಕೇಳಿದಳು. ಬೇಲಿಯಾಚೆ ಹೋಗುವವರಿಗೆ ಕಾಣುತ್ತಿದ್ದುದು ಕೈ ಜೋಡಿಸಿ ಉರಿಯ ಬೆಳಕಿನಲ್ಲಿ ಕೂತ ವಿಧವೆ. ಎಂಥ ಭಕ್ತಿ ಎಂದು ಮಾತಾಡಿಕೊಂಡರು. ಮಕ್ಕಳಿಗೆ ಹುಷಾರಿಲ್ಲದಿದ್ದರೆ ನಮಗೂ ಒಂದು ಮಾತು ಕೇಳಿಕೊಳ್ಳಿ ಎಂದು ಬರತೊಡಗಿದರು. ಅವಳು ಆಗಲಿ ಎನ್ನುತ್ತಿದ್ದಳು, ಬೆಳಿಗ್ಗೆ ಚೌರಪ್ಪನದು ಮುಗಿದ ಮೇಲೆ ಹೊತ್ತು ಉಳಿದರೆ ಅವರದನ್ನೂ ಕೇಳುತ್ತಿದ್ದಳು.

ಆದ್ದರಿಂದ ಕೋಳಿ ಸಾರು ಉಂಡದ್ದರಲ್ಲಿ ಆಶ್ಚರ್ಯವಿಲ್ಲ. ಅವಳ ತಪ್ಪೆಂದರೆ ಅಷ್ಟಕ್ಕೆ ಸುಮ್ಮನಿರಲಾರದೆ ಮಾರನೆಯ ದಿನ ನಲ್ಲಿಯ ಹತ್ತಿರ ಬಾಯಿಬಿಟ್ಟದ್ದು. ಜಗದಾಂಬ ಕೊಡ ಹಿಡಿದು ನಿಂತಿದ್ದಳು. ಅವಳಿಗೆ ಕೇಳಲೆಂದೇ ಸವೇರಮ್ಮ ಬೇರೆ ಹೆಂಗಸರಿಗೆ ಹೇಳಿದಳು: ದೇವರು ಕುರುಡನಲ್ಲ, ಯಾವ ನಾಲಿಗೆ ನನ್ನ ಗಂಡನ ಮೇಲೆ ಸುಳ್ಳು ಹೇಳಿತೋ ಅದೇ ನಾಲಿಗೆ ಕಿತ್ತುಕೊಂಡ. ಜಗದಾಂಬ ಕೊಡ ತುಂಬಿಸಿಕೊಂಡಳು. ಆಮೇಲೆ ಮೂರು ವರ್ಷದಲ್ಲಿ ಮೊದಲ ಸಲ ಅವಳ ಕಡೆ ತಿರುಗಿದಳು.

"ನಾಲಿಗೆ ಬಿತ್ತು ಅಂತ ಕುಣೀತಿದ್ದೀಯಲ್ಲ, ಗಾಡಿ ಬುಟ್ಟಿದ್ದು ನಿನ್ ಗಂಡ ಅಲ್ಲ ಅಂತ ಇನ್ ಹೇಳೋರ್ ಯಾರವ್ರೆ? ಸುಳ್ಳೋ ನಿಜವೋ, ಅವ್ನೊಬ್ಬನ ಬಾಯಲ್ಲೇ ಇತ್ತು. ಅದ್ನೂ ಮುಚ್ಬುಟ್ಟ ನಿಮ್ ದೇವ್ರು."

ಅಷ್ಟು ಹೇಳಿ ಕೊಡ ಸೊಂಟಕ್ಕೇರಿಸಿ ಹೋದಳು. ಸವೇರಮ್ಮ ಅಲ್ಲೇ ನಿಂತುಬಿಟ್ಟಳು. ಅವಳ ಕೊಡ ತುಂಬಿ ನೀರು ಹೊರಗೆ ಹರಿಯುತ್ತಿದೆ ಎಂದು ಯಾರೋ ಹೇಳಿದ ಮೇಲೆ ಎಚ್ಚರವಾಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ ಎಂದು ಹಣೆ ಚಚ್ಚಿಕೊಂಡಳು. ಇಡೀ ಜಗತ್ತಿನಲ್ಲಿ ಇನ್ನಾಸಪ್ಪನ ಹೆಸರನ್ನು ತೊಳೆಯಬಲ್ಲ ನಾಲಿಗೆ ಒಂದೇ ಒಂದು ಇತ್ತು. ಅದನ್ನೇ ಬೀಳಿಸು ಎಂದು ಹಟ ಹಿಡಿದು ಕೂತಿದ್ದಳಲ್ಲ.

ಮರುದಿನ ಹಂಡೆಯ ಪಕ್ಕ ಅವಳು ಪ್ರಾರ್ಥನೆ ಮಾಡಲಿಲ್ಲ, ಜಗಳ ಮಾಡಿದಳು. ನಾನು ದಡ್ಡಿ, ಏನೋ ಕೇಳಿದೆ, ನಿನಗೆ ತಿಳಿಯಬಾರದಿತ್ತೇ ಎಂದಳು. ಬೇರೆಯವರಿಗೋಸ್ಕರ ಕೇಳಿದ್ದನ್ನೆಲ್ಲ ತಡಮಾಡಿ ಕೊಡುವವನಿಗೆ ಇದೊಂದನ್ನು ಕೊಡಲು ಏನು ಅವಸರ ಬಂದಿತ್ತು ಎಂದಳು. ಆಮೇಲೆ ತಗ್ಗಿ ಕೇಳಿದಳು.

"ವಾಪಸ್ ಕೊಡಪ್ಪ ಅದನ್ನ. ಅವ್ನು ನಿಜ ಹೇಳೋಗಂಟ ಸಾಕು. ಆಮೇಲೆ ನೀನುಂಟು ಅವನುಂಟು."

ಚೌರಪ್ಪನನ್ನು ಹಾಸನದಿಂದ ವಾಪಸ್ ತಂದು ಮನೆಯಲ್ಲಿ ಮಲಗಿಸಿದ ವಾರದಲ್ಲೇ ಅವನ ಹೆಂಡತಿ ಲೂರ್ದಮ್ಮ ಸವೇರಮ್ಮನ ಬಾಗಿಲಿಗೆ ಬಂದಳು. ಲೂರ್ದಮ್ಮ ಕೆಟ್ಟವಳಲ್ಲ. ಗಂಡ ಹೇಳಿದ್ದನ್ನು ನಂಬಿದ್ದಳು, ನಂಬಿದ್ದರಿಂದಲೇ ಇಷ್ಟು ವರ್ಷ ಈ ಕಡೆ ಬಾರದೆ ದೂರ ದೂರ ಓಡಾಡಿದ್ದಳು. ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತು ಸೆರಗು ಹಿಡಿದುಕೊಂಡಳು. ನಿನ್ನ ಪ್ರಾರ್ಥನೆಯಲ್ಲಿ ಶಕ್ತಿ ಇದೆ ಎಂದು ಎಲ್ಲರೂ ಹೇಳುತ್ತಾರೆ, ನಮ್ಮ ಮೇಲೆ ಸಿಟ್ಟಿದ್ದರೂ ಇರಲಿ, ಅವರ ತಲೆಯ ಹತ್ತಿರ ಕೂತು ಒಂದು ಸಲ ಕೇಳಿಕೋ ಎಂದು ಅತ್ತಳು. ಸವೇರಮ್ಮ ಅಷ್ಟು ಬೇಗ ಒಪ್ಪುತ್ತಾಳೆಂದು ಅವಳು ಎಣಿಸಿರಲಿಲ್ಲ. ಒಂದು ಸಲ ಯಾಕೆ, ದಿನಾ ಸಂಜೆ ಬರುತ್ತೇನೆ ಎಂದಳು ಸವೇರಮ್ಮ.

ಹೇಳಿದಂತೆ ದಿನವೂ ಹೋದಳು. ಕೆಲಸದಿಂದ ಬಂದು ಕೈಕಾಲು ತೊಳೆದು ನೇರ ಚೌರಪ್ಪನ ಮಂಚದ ಹತ್ತಿರ ಹೋಗಿ ಮಣೆ ಎಳೆದು ಕೂರುತ್ತಿದ್ದಳು. ಲೂರ್ದಮ್ಮನಿಗೆ ಕೇಳುವಂತೆ, ದೇವರೇ ಈ ನಿನ್ನ ಮಗನಿಗೆ ಮಾತು ಕೊಡು, ನಾಲಿಗೆ ಸಡಿಲಿಸು ಎಂದು ಕೇಳಿಕೊಳ್ಳುತ್ತಿದ್ದಳು. ಒಂದೊಂದು ಮಾತೂ ಅವಳ ಹೊಟ್ಟೆಯೊಳಗಿಂದಲೇ ಬರುತ್ತಿತ್ತು. ಸುಳ್ಳು ಒಂದಿಷ್ಟೂ ಇರಲಿಲ್ಲ. ಮುಗಿದ ಮೇಲೆ ದಿಂಬು ಸರಿಮಾಡುವ ನೆವದಲ್ಲಿ ಬಗ್ಗಿ ಅವನ ಕಿವಿಯಲ್ಲಿ ಹೇಳುವುದು ಬೇರೆ ಇತ್ತು.

"ನಿನ್ ನಾಲಿಗೆ ನಂಗೆ ಬೇಕು ಚೌರಣ್ಣ. ಅದನ್ನ ಇಸ್ಕೊಳ್ಳೋಗಂಟ ಬರ್ತಾನೇ ಇರ್ತೀನಿ."

ಮೊದಲ ದಿನ ಅವನ ಕಣ್ಣುಗಳು ಅಗಲವಾದವು. ಎರಡನೆಯ ದಿನದಿಂದ ಅವಳು ಬರುವುದು ಕಂಡರೆ ಮುಚ್ಚಿಕೊಳ್ಳುತ್ತಿದ್ದವು. ಅವನಿಗೆ ಎಲ್ಲವೂ ಕೇಳುತ್ತದೆ, ಎಲ್ಲವೂ ತಿಳಿಯುತ್ತದೆ ಎಂದು ಗೊತ್ತಾಗಿ ಸವೇರಮ್ಮನಿಗೆ ಒಂದು ಬಗೆಯ ಸುಖವಾಯಿತು. ಉಪದೇಶಿ ರಾಯಪ್ಪನವರಿಗೆ ಬೇರೆ ಬಗೆಯ ಸುಖವಾಯಿತು. ಶತ್ರುವನ್ನು ಪ್ರೀತಿಸುವುದು ಹೇಗೆಂದು ಪುಸ್ತಕದಲ್ಲಿ ಹುಡುಕಬೇಡಿ, ನಮ್ಮ ಲೈನಿನ ಸವೇರಮ್ಮನನ್ನು ನೋಡಿ ಎಂದು ಭಾನುವಾರ ಎಲ್ಲರ ಎದುರು ಹೊಗಳಿದರು. ಜನ ತಿರುಗಿ ತಿರುಗಿ ನೋಡಿದರು. ಸವೇರಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಹಲ್ಲು ಕಚ್ಚಿ ಕೂತಳು. ಈ ಮನುಷ್ಯನಿಗೆ ಬೋಧನೆ ಮಾಡಲು ಬರುತ್ತದೆಯೇ ಹೊರತು ಮುಖ ನೋಡಲು ಬರುವುದಿಲ್ಲ ಎಂದುಕೊಂಡಳು.

ಚೌರಪ್ಪನ ಕಾಲು ಮೆಲ್ಲಗೆ ಬಂತು. ಹಿಡಿದುಕೊಂಡರೆ ಎರಡು ಹೆಜ್ಜೆ ಇಡುವಂತಾದ. ಎಳೆದುಕೊಂಡಿದ್ದ ಬಾಯಿ ಅರ್ಧ ನೆಟ್ಟಗಾಯಿತು. ಕೈಗೆ ಮಾತ್ರ ಇನ್ನೂ ಬಲವಿರಲಿಲ್ಲ. ಮಾತಂತೂ ಬರಲೇ ಇಲ್ಲ. ಒಂದು ಸಂಜೆ ಲೂರ್ದಮ್ಮ ಅಳುತ್ತಾ ಹೇಳಿದಳು: ಸಕಲೇಶಪುರದ ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿದರಂತೆ, ನಾಲಿಗೆ ಸರಿಯಾಗಿ ಆಡುತ್ತಿದೆ, ಗಂಟಲೂ ಚೆನ್ನಾಗಿದೆ, ಇಷ್ಟು ಹೊತ್ತಿಗೆ ನಾಲ್ಕು ಮಾತಾದರೂ ಬರಬೇಕಿತ್ತು, ಯಾಕೆ ಬಂದಿಲ್ಲ ತಿಳಿಯುತ್ತಿಲ್ಲ ಎಂದರಂತೆ. ಲೂರ್ದಮ್ಮನಿಗೆ ತಿಳಿಯಲಿಲ್ಲ, ಡಾಕ್ಟರಿಗೂ ತಿಳಿಯಲಿಲ್ಲ. ಮಂಚದ ಮೇಲೆ ಕಣ್ಣು ಮುಚ್ಚಿಕೊಂಡಿದ್ದವನನ್ನು ನೋಡಿದ ಸವೇರಮ್ಮನಿಗೆ ಆ ಕ್ಷಣವೇ ತಿಳಿಯಿತು. ನಾಲಿಗೆ ಬಂದಿದೆ. ಬಂದದ್ದನ್ನು ಇವನು ಬಚ್ಚಿಟ್ಟುಕೊಂಡಿದ್ದಾನೆ. ಮಾತು ಬಂತೆಂದರೆ ಕೇಳುವ ಮೊದಲ ಪ್ರಶ್ನೆ ಯಾವುದೆಂದು ಅವನಿಗೆ ಗೊತ್ತು.

ಅವಳಿಗೆ ಎಷ್ಟು ಕೋಪ ಬಂತೆಂದರೆ ಅಲ್ಲೇ ಕತ್ತಿನ ಪಟ್ಟಿ ಹಿಡಿದು ಎತ್ತಿ ಕೂರಿಸಬೇಕೆನ್ನಿಸಿತು. ದೇವರು ಕೊಟ್ಟರೂ ಇವನು ಕೊಡುವುದಿಲ್ಲವಲ್ಲ. ಆದರೆ ಮಾತಾಡಲಾರೆ ಎನ್ನುವವನ ಬಾಯಿ ಯಾರು ಬಿಡಿಸಿಯಾರು? ಹಿಂಡಿದರೆ ಅಯ್ಯೋ ಪಾಪ ರೋಗಿ ಎಂದು ಊರೇ ಅವಳ ಮೇಲೆ ಬೀಳುತ್ತದೆ. ಮಾರನೆಯ ದಿನ ಬೆಳಿಗ್ಗೆ ಹಂಡೆಯ ಪಕ್ಕ ಕೂತು ಅವಳು ಏನನ್ನೂ ಬೇಡಲಿಲ್ಲ. ದಾರಿ ತೋರಿಸು ಎಂದಷ್ಟೇ ಹೇಳಿ ಉರಿ ನೋಡುತ್ತಾ ಕೂತಳು. ಕೆಲಸದ ಗಂಟೆ ಹೊಡೆಯುವ ಹೊತ್ತಿಗೆ ದಾರಿ ಹೊಳೆದಿತ್ತು. ದೇವರು ತೋರಿಸಿದ್ದೋ ಅವಳ ತಲೆಯೇ ತೋರಿಸಿದ್ದೋ, ಅದನ್ನು ವಿಚಾರಿಸಲು ಹೋಗಲಿಲ್ಲ.

ಆ ಸಂಜೆ ಲೂರ್ದಮ್ಮನನ್ನು ಗಂಜಿ ಕಾಯಿಸಲು ಒಳಗೆ ಕಳಿಸಿದಳು. ತಾನು ಮಣೆ ಎಳೆದುಕೊಂಡು ಕೂತು, ಈ ಮನೆಯಲ್ಲಿ ಎಂದೂ ತೆಗೆಯದ ಜಪಸರವನ್ನು ಸೊಂಟದಿಂದ ತೆಗೆದಳು. ಜಪಸರ ಇಬ್ಬರ ಪ್ರಾರ್ಥನೆ. ಮುಂದಾಳು ಅರ್ಧ ಹೇಳಿದರೆ ಉಳಿದವರು ಮಿಕ್ಕ ಅರ್ಧ ಹೇಳಿ ಮುಗಿಸಬೇಕು. ಮಣಿ ಮಣಿಗೂ ಅದೇ ಮಾತು. ಈ ಲೈನಿನಲ್ಲಿ ಹುಟ್ಟಿದ ಕ್ರೈಸ್ತರ ಮಕ್ಕಳೆಲ್ಲ ಅದನ್ನು ಕಲಿತದ್ದೇ ಅವ್ವನ ತೊಡೆಯ ಮೇಲೆ, ಅರ್ಧ ನಿದ್ದೆಯಲ್ಲಿ. ತಲೆ ಆಚೆ ವಾಲುತ್ತಿರುತ್ತದೆ, ಬಾಯಿ ತನ್ನ ಪಾಡಿಗೆ ಉತ್ತರ ಕೊಡುತ್ತಿರುತ್ತದೆ. ಉಪದೇಶಿ ಬೈದದ್ದು ಅದಕ್ಕೇ. ಚೌರಪ್ಪನಂತೂ ಮುಂದಿನ ಸಾಲಿನವನು, ಅವನ ಉತ್ತರ ಯಾವಾಗಲೂ ಎಲ್ಲರಿಗಿಂತ ಗಟ್ಟಿ.

ಸವೇರಮ್ಮ ಸಣ್ಣ ದನಿಯಲ್ಲಿ ಶುರುಮಾಡಿದಳು. ಮೊದಲರ್ಧ ತಾನೇ ಹೇಳಿದಳು, ಉತ್ತರವನ್ನೂ ತಾನೇ ಹೇಳಿದಳು. ತಡೆಯಿಲ್ಲದೆ, ಏರಿಳಿತವಿಲ್ಲದೆ, ಮಗುವನ್ನು ತೂಗುವಂತೆ. ಒಂದು ಸುತ್ತು ಹೋಯಿತು. ಚೌರಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ, ಆದರೆ ಬಿಗಿಹಿಡಿದ ದವಡೆ ಸಡಿಲವಾಯಿತು. ಇವತ್ತು ಇವಳು ಕಿವಿಯಲ್ಲಿ ಏನೂ ಹೇಳಲಿಲ್ಲ ಎಂದು ಅವನಿಗೆ ನಿರಾಳವಾಗಿತ್ತೇನೋ. ಇನ್ನೊಂದು ಸುತ್ತಿಗೆ ಉಸಿರು ನಿಧಾನವಾಯಿತು. ಮೂರನೆಯ ಸುತ್ತಿನಲ್ಲಿ ಸವೇರಮ್ಮ ತನ್ನ ಉತ್ತರವನ್ನು ಮೆಲ್ಲಮೆಲ್ಲಗೆ ಇಳಿಸಿದಳು. ಅವನ ತುಟಿ ಅಲುಗಿತು. ಅವಳು ಮೊದಲರ್ಧ ಹೇಳಿ ನಿಲ್ಲಿಸಿದಳು.

ಚೌರಪ್ಪ ಉತ್ತರ ಹೇಳಿದ. ದನಿ ಗೊಗ್ಗರಾಗಿತ್ತು, ಒಂದೆರಡು ಕಡೆ ಎಡವಿತು, ಆದರೂ ಒಂದು ಮಾತನ್ನೂ ಬಿಡದೆ ಪಾಪಿಗಳು, ಸಾವಿನ ಗಳಿಗೆ ಎನ್ನುವ ಮಾತುಗಳನ್ನೆಲ್ಲ ದಾಟಿ ಕೊನೆಯ ಆಮೆನ್‌ವರೆಗೆ ಹೇಳಿದ. ಹೇಳಿದ ಮೇಲೆ ತನ್ನ ದನಿ ತನಗೇ ಕೇಳಿ ಕಣ್ಣು ತೆರೆದ. ಸವೇರಮ್ಮ ಜಪಸರ ಕೆಳಗಿಟ್ಟಳು.

"ಲೂರ್ದಮ್ಮ," ಎಂದು ಒಳಕ್ಕೆ ಕೂಗಿದಳು, "ನಿನ್ ಗಂಡಂಗೆ ಮಾತ್ ಬಂತು."

ಲೂರ್ದಮ್ಮನಿಗೂ ಒಳಗೆ ಕೇಳಿಸಿತ್ತು. ಅವಳು ಬಂದು ಗಂಡನ ಕಾಲು ಹಿಡಿದುಕೊಂಡು ಒಮ್ಮೆ ಅತ್ತಳು, ಒಮ್ಮೆ ನಕ್ಕಳು, ಬಾಗಿಲಿಗೆ ಓಡಿ ಲೈನಿಗೆಲ್ಲ ಕೂಗಿ ಹೇಳಿದಳು. ಅಕ್ಕಪಕ್ಕದವರು ಕೆಲಸ ಬಿಟ್ಟು ಬಂದರು. ಉಪದೇಶಿ ರಾಯಪ್ಪ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾ ಒಳಗೆ ಬಂದರು. ಜಗದಾಂಬ ಒಳಗೆ ಬರದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇನ್ನೊಂದು ಸಲ ಮಾತಾಡಿ ಎಂದು ಎಲ್ಲರೂ ಅಂದರು. ಚೌರಪ್ಪ ಬಾಯಿ ಬಿಗಿದು ಗೋಡೆಯ ಕಡೆ ನೋಡುತ್ತಿದ್ದ. ಸವೇರಮ್ಮ ಎಲ್ಲರೂ ಸುಮ್ಮನಾಗುವವರೆಗೆ ಕಾದಳು. ಜಗದಾಂಬ ಹೋಗಿಬಿಡಲಿಲ್ಲ ತಾನೇ ಎಂದು ಒಮ್ಮೆ ಬಾಗಿಲ ಕಡೆ ನೋಡಿಕೊಂಡಳು.

"ಚೌರಣ್ಣ, ಅವತ್ತು ಬಿಸಿಲೆ ತಿರುವಲ್ಲಿ ಗಾಡಿ ಯಾರ ಕೈಲಿತ್ತು?"

ರಾಯಪ್ಪ ಮುಂದೆ ಬಂದು, ಈಗ ತಾನೇ ನಾಲಿಗೆ ತಿರುಗಿದೆ, ಹಳೆಯದೆಲ್ಲ ಇವತ್ತು ಬೇಡ ಸವೇರಮ್ಮ, ದೇವರ ಕೃಪೆಯನ್ನು ಕೊಂಡಾಡೋಣ ಎಂದರು. ನಾನು ಬೇಡಿಕೊಂಡದ್ದೇ ಇದಕ್ಕೆ ಎಂದಳು ಸವೇರಮ್ಮ. ದಿನಾ ಬಂದದ್ದೂ ಇದಕ್ಕೇ. ನೀವು ಮುಂದಿನ ಭಾನುವಾರ ಇದನ್ನೂ ಸೇರಿಸಿ ಹೇಳಿ ಎಂದಳು. ಲೂರ್ದಮ್ಮ ಸವೇರಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಅವಳ ನಗು ನಿಧಾನವಾಗಿ ಇಳಿದುಹೋಯಿತು.

"ಇಷ್ಟ್ ದಿನ ಮಾತ್ ಬಂದಿದ್ರೂ ಸುಮ್ಕಿದ್ರಾ?" ಎಂದಳು ಗಂಡನಿಗೆ. "ಹೇಳಿ. ಯಾರ ಕೈಲಿತ್ತು?"

ಸವೇರಮ್ಮನಿಗೆ ಕೊಡದ ಉತ್ತರವನ್ನು ಹೆಂಡತಿಗೂ ಕೊಡದೆ ಇರಲು ಅವನಿಂದಾಗಲಿಲ್ಲ. ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು.

"ನನ್ ಕೈಲೇ," ಎಂದ. "ಗಾಡಿ ನಾನೇ ಬುಟ್ಟಿದ್ದು. ಕುಡ್ದಿದ್ದೆ. ಇನ್ನಾಸ ಬ್ಯಾಡ ಕಣೋ ನಿಲ್ಸು ಅಂದ. ನಿಲ್ಲಿಸ್ನಿಲ್ಲ."

ಬಾಗಿಲಲ್ಲಿ ಜಗದಾಂಬ ಕೂತುಬಿಟ್ಟಳು. ನಿಲ್ಸು ಅಂದಿದ್ನಾ, ನಿಲ್ಸು ಅಂದಿದ್ನಾ ಎಂದು ತನ್ನಷ್ಟಕ್ಕೆ ಎರಡು ಮೂರು ಸಲ ಕೇಳಿಕೊಂಡಳು. ಯಾರೋ ಅವಳ ರಟ್ಟೆ ಹಿಡಿದು ಎಬ್ಬಿಸಿದರು. ಅವಳು ಹೋಗುವ ಮುಂಚೆ ಸವೇರಮ್ಮನ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದಳು. ಸವೇರಮ್ಮ ಕಣ್ಣೊರೆಸಿಕೊಂಡಳು. ಇನ್ನಾಸಪ್ಪನಿಗಾಗಿ ಅವಳು ಅಷ್ಟು ಜನರ ಎದುರು ಅತ್ತದ್ದು ಅದೇ ಮೊದಲು. ಅವನನ್ನು ಹೂಳಿದ ದಿನ ಜನರ ದೂರು ಅವಳನ್ನು ಅಳುವುದಕ್ಕೂ ಬಿಟ್ಟಿರಲಿಲ್ಲ. ರಾಯಪ್ಪ ಉಳಿದವರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸಿ ತಾವೂ ಹೋದರು.

ಲೂರ್ದಮ್ಮ ಒಳಗೆ ಹೋಗಿ ಗಂಜಿಯ ಬಟ್ಟಲು ತಂದಳು. ಗಂಡನ ಹತ್ತಿರ ಹೋಗಲಿಲ್ಲ. ಬಟ್ಟಲನ್ನೂ ಚಮಚವನ್ನೂ ಸವೇರಮ್ಮನ ಕೈಗೆ ಕೊಟ್ಟಳು.

"ನೀನೇ ಕುಡ್ಸು ಅಕ್ಕ. ನಿಂಗ್ ಬೇಕಿದ್ದ ನಾಲಿಗೆ ತಾನೆ ಅದು. ನನ್ ಕೈಲಾಗಲ್ಲ."

ಹೇಳಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು. ಒಳಗೆ ಅವರಿಬ್ಬರೇ ಉ‍ಳಿದರು. ಚೌರಪ್ಪ ಅವಳ ಮುಖ ನೋಡಿದ, ಬಟ್ಟಲು ನೋಡಿದ. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದ. ವಾರೆಯಾದ ತುಟಿಗಳ ನಡುವೆ ನಾಲಿಗೆ ಕಾಣುತ್ತಿತ್ತು, ಎಲ್ಲರ ನಾಲಿಗೆಯ ಹಾಗೆಯೇ ಕೆಂಪಗೆ. ಗಂಜಿ ಅಷ್ಟು ಹೊತ್ತೂ ಒಲೆಯ ಮೇಲೇ ಇದ್ದು ಈಗಷ್ಟೇ ಇಳಿದದ್ದು, ನಾಲಿಗೆ ಸುಡುವಷ್ಟು ಬಿಸಿ. ಸವೇರಮ್ಮ ಒಂದು ಚಮಚ ತುಂಬಿ ಎತ್ತಿದಳು. ಎತ್ತಿದ್ದನ್ನು ಅವನ ಬಾಯಿಗೂ ಇಡಲಿಲ್ಲ, ಬಟ್ಟಲಿಗೂ ಸುರಿಯಲಿಲ್ಲ. ಚಮಚದಿಂದ ಹಬೆ ಏಳುತ್ತಿತ್ತು, ಅದನ್ನೇ ನೋಡುತ್ತಾ ಕೂತಳು.